ಹತ್ತೂವರೆಯ ಹಸಿವು

ಬೆಳಗ್ಗೆ ಎಂಟು ಗಂಟೆಗೆ ಒಂದು ದೊಡ್ಡ ಬಟ್ಟಲು ಪಪ್ಪಾಯಿ, ಜೊತೆಗೆ ನಾಲ್ಕು ಹೋಳು ಕಲ್ಲಂಗಡಿ. ತಿಂದು ಮುಗಿಸುವ ಹೊತ್ತಿಗೆ ಹೊಟ್ಟೆ ಬಿಗಿದುಕೊಂಡು, ಇನ್ನೊಂದು ಹೋಳು ಬೇಡಪ್ಪ ಅನ್ನಿಸಿರುತ್ತದೆ. ತಿಂಡಿಗೆ ಬರೀ ಹಣ್ಣು ಎಂದು ಹೊಸದಾಗಿ ವ್ರತ ಹಿಡಿದವರು ಮೊದಲ ದಿನ ಹೇಳುವ ಮಾತೂ ಅದೇ: ‘ಹೊಟ್ಟೆ ತುಂಬೇ ಹೋಯ್ತು ಕಣ್ರೀ, ದೋಸೆ ನೆನಪೇ ಆಗ್ಲಿಲ್ಲ.’ ಅವರನ್ನು ಹತ್ತೂವರೆಗೆ ಇನ್ನೊಮ್ಮೆ ವಿಚಾರಿಸಬೇಕು. ಆಫೀಸಿನ ಕೆಳಗಿನ ದರ್ಶಿನಿಯಲ್ಲಿ ಉದ್ದಿನವಡೆಯ ತಟ್ಟೆ ಹಿಡಿದು ನಿಂತಿರುತ್ತಾರೆ. ಅದೇ ಹೊತ್ತಿನಲ್ಲಿ ಮುದ್ದೆ, ಸೊಪ್ಪಿನ ಸಾರು ಉಂಡು ಗದ್ದೆಗಿಳಿದ ಮಂಡ್ಯದ ರೈತ ಊಟದ ಸುದ್ದಿಯನ್ನೇ ಎತ್ತಿರುವುದಿಲ್ಲ.

‘ಹಣ್ಣು ಹಗುರ, ಮುದ್ದೆ ಗಟ್ಟಿ’ ಎಂದುಬಿಟ್ಟರೆ ವಿಷಯ ಮುಗಿದಂತೆ ಕಾಣುತ್ತದೆ. ಮುಗಿಯುವುದಿಲ್ಲ. 1995ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದ ಸುಸಾನಾ ಹೋಲ್ಟ್ ಮತ್ತು ಸಂಗಡಿಗರು 38 ಬಗೆಯ ತಿನಿಸುಗಳನ್ನು ಪರೀಕ್ಷೆಗೆ ಒಡ್ಡಿದರು. ಪ್ರತಿಯೊಂದನ್ನೂ 240 ಕ್ಯಾಲೊರಿ ಬರುವಷ್ಟು ತೂಗಿ ತಿನ್ನಿಸಿ, ಮುಂದಿನ ಎರಡು ತಾಸು ಕಾಲು ಗಂಟೆಗೊಮ್ಮೆ ‘ಈಗ ಹೊಟ್ಟೆ ಹೇಗಿದೆ?’ ಎಂದು ಕೇಳುತ್ತ ಹೋದರು. ಬಿಳಿ ಬ್ರೆಡ್ಡಿಗೆ 100 ಅಂಕ ಎಂದು ಇಟ್ಟುಕೊಂಡರೆ ಕಿತ್ತಳೆಗೆ 202, ಸೇಬಿಗೆ 197, ದ್ರಾಕ್ಷಿಗೆ 162, ಬಾಳೆಹಣ್ಣಿಗೆ 118 ಅಂಕ ಬಿತ್ತು. ಬೆಣ್ಣೆಯಲ್ಲಿ ಅದ್ದಿ ತೆಗೆದಂತಿರುವ ಕ್ರೊಸಾಂಗೆ ಸಿಕ್ಕಿದ್ದು ಬರೀ 47. ಅಂದರೆ ಹೊಟ್ಟೆ ತುಂಬಿಸುವುದರಲ್ಲಿ ಕಿತ್ತಳೆಯು ಬ್ರೆಡ್ಡಿಗಿಂತ ಎರಡು ಪಟ್ಟು ಸಮರ್ಥ. ಹಾಗಿದ್ದಮೇಲೆ ಹಣ್ಣು ತಿಂದವರು ಹತ್ತೂವರೆಗೆ ದರ್ಶಿನಿಗೆ ಏಕೆ ಓಡುತ್ತಾರೆ?

ಸಿಡ್ನಿಯವರ ಲೆಕ್ಕ ತಪ್ಪಲ್ಲ, ದರ್ಶಿನಿಯಲ್ಲಿ ನಿಂತವರ ಹಸಿವೂ ಸುಳ್ಳಲ್ಲ.

ತುಂಬಿಕೆ ಬೇರೆ, ತಾಳಿಕೆ ಬೇರೆ

ಊಟದ ತಟ್ಟೆಯ ಮುಂದೆ ‘ಸಾಕು’ ಅನ್ನಿಸುವುದು ಒಂದು ಸಂಗತಿ. ಎದ್ದು ಕೈತೊಳೆದ ಮೇಲೆ ಎಷ್ಟು ಹೊತ್ತು ಹಸಿವು ಬಾರದೆ ಇರುತ್ತದೆ ಎನ್ನುವುದು ಇನ್ನೊಂದು. ಮೊದಲನೆಯದನ್ನು ತುಂಬಿಕೆ ಎನ್ನೋಣ, ಎರಡನೆಯದನ್ನು ತಾಳಿಕೆ. ‘ತಿಂದದ್ದು ಹೊಟ್ಟೇಲಿ ನಿಲ್ಲಲ್ಲ’ ಎಂದು ಮನೆಯ ಹಿರಿಯರು ಗೊಣಗುವುದು ಈ ಎರಡನೆಯದರ ಬಗ್ಗೆ.

ತುಂಬಿಕೆಯ ವ್ಯವಸ್ಥೆ ಸರಳ. ಖಾಲಿ ಜಠರ ಒಂದು ಮುಷ್ಟಿಯಷ್ಟಿರುತ್ತದೆ, ಊಟ ಇಳಿದಂತೆ ಸಡಿಲಗೊಂಡು ಒಂದು ಲೀಟರಿಗೂ ಮಿಕ್ಕಿ ಹಿಡಿಸಿಕೊಳ್ಳುತ್ತದೆ. ಅದರ ಗೋಡೆ ಹಿಗ್ಗಿದ್ದನ್ನು ವೇಗಸ್ ಎಂಬ ನರ ಮಿದುಳಿಗೆ ತಿಳಿಸುತ್ತದೆ. ಆ ನರಕ್ಕೆ ಒಳಗೆ ಬಂದದ್ದು ಕಲ್ಲಂಗಡಿಯೋ, ಬಿರಿಯಾನಿಯೋ ಗೊತ್ತಿಲ್ಲ. ಜಠರದೊಳಗೆ ರಬ್ಬರಿನ ಬಲೂನು ಇಳಿಸಿ ಅದಕ್ಕೆ ನೀರು ತುಂಬಿದರೂ ಮನುಷ್ಯ ಊಟ ಕಡಿಮೆ ಮಾಡುತ್ತಾನೆ. ನೂರು ಗ್ರಾಂ ಕಲ್ಲಂಗಡಿಯಲ್ಲಿ ತೊಂಬತ್ತು ಗ್ರಾಂಗೂ ಹೆಚ್ಚು ನೀರು, ಪಪ್ಪಾಯಿಯಲ್ಲಿ ಎಂಬತ್ತೆಂಟು ಗ್ರಾಂ. ಹಿಗ್ಗಿಸುವ ಕೆಲಸಕ್ಕೆ ಇಷ್ಟು ಸಾಕು, ಧಾರಾಳವಾಗಿ ಸಾಕು.

ತಾಳಿಕೆಯ ಗುಟ್ಟು ಜಠರದ ಹಿಗ್ಗಿನಲ್ಲಿಲ್ಲ. ಅದು ಖಾಲಿಯಾಗುವ ಬಗೆಯಲ್ಲಿದೆ. ಆ ಬಗೆಯನ್ನು ಮನುಷ್ಯ ಮೊದಲು ಕಣ್ಣಾರೆ ಕಂಡದ್ದು ಒಂದು ಅಪಘಾತದ ದೆಸೆಯಿಂದ.

ಪಕ್ಕೆಯಲ್ಲಿ ಉಳಿದ ಕಿಂಡಿ

1822ರ ಜೂನ್ 6. ಅಮೆರಿಕದ ಮ್ಯಾಕಿನಾ ದ್ವೀಪದಲ್ಲಿ, ತುಪ್ಪಳ ವ್ಯಾಪಾರದ ಕಂಪನಿಯೊಂದರ ಮಳಿಗೆಯಲ್ಲಿ ಯಾರದೋ ಬಂದೂಕು ಸಿಡಿದು ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಕೆನಡಾದ ಯುವಕನ ಎಡಪಕ್ಕೆ ಹರಿಯಿತು. ಬದುಕುವುದಿಲ್ಲ ಎಂದುಕೊಂಡೇ ಸೇನಾವೈದ್ಯ ವಿಲಿಯಂ ಬೋಮಾಂಟ್ ಶುಶ್ರೂಷೆ ಮಾಡಿದ. ಯುವಕ ಬದುಕಿದ, ಗಾಯವೂ ಮಾಗಿತು, ಆದರೆ ಜಠರದವರೆಗೆ ತೆರೆದ ಕಿಂಡಿ ಮುಚ್ಚಲೇ ಇಲ್ಲ.

1825ರ ಆಗಸ್ಟ್ 1ರ ಮಧ್ಯಾಹ್ನ ಬೋಮಾಂಟ್ ರೇಷ್ಮೆ ದಾರಕ್ಕೆ ಕೆಲವು ಬಗೆಯ ಮಾಂಸದ ತುಂಡು, ಹಳಸಲು ಬ್ರೆಡ್ಡು, ಹಸಿ ಎಲೆಕೋಸಿನ ಚೂರುಗಳನ್ನು ಕಟ್ಟಿ ಆ ಕಿಂಡಿಯಿಂದ ಒಳಗೆ ಇಳಿಬಿಟ್ಟ. ಒಂದು ಗಂಟೆಯ ನಂತರ ದಾರ ಎಳೆದು ನೋಡಿದರೆ ಕೋಸು ಮತ್ತು ಬ್ರೆಡ್ಡು ಅರ್ಧದಷ್ಟು ಕರಗಿದ್ದವು, ಮಾಂಸ ಹಾಕಿದಂತೆಯೇ ಇತ್ತು. ಮತ್ತೆ ಒಳಗೆ ಬಿಟ್ಟ, ಮತ್ತೆ ಎಳೆದ. ಹೀಗೆ ವರ್ಷಗಟ್ಟಲೆ. ಸೇಂಟ್ ಮಾರ್ಟಿನ್‌ಗೆ ಹೊಟ್ಟೆನೋವು, ತಲೆನೋವು, ಸಿಡಿಮಿಡಿ. ಒಮ್ಮೆ ಹೇಳದೆ ಕೇಳದೆ ಕೆನಡಾಕ್ಕೆ ಹೊರಟೂ ಹೋದ. ಇಂಥ ಪ್ರಯೋಗಕ್ಕೆ ಇವತ್ತು ಯಾವ ಆಸ್ಪತ್ರೆಯ ಸಮಿತಿಯೂ ಒಪ್ಪಿಗೆ ಕೊಡುವುದಿಲ್ಲ, ಕೊಡಲೂಬಾರದು.

1833ರಲ್ಲಿ ಅಚ್ಚಾದ ಬೋಮಾಂಟನ ಪುಸ್ತಕದಲ್ಲಿ ಯಾವ ಆಹಾರ ಎಷ್ಟು ಹೊತ್ತಿಗೆ ಜಠರದಲ್ಲಿ ಕರಗುತ್ತದೆ ಎಂಬ ಪಟ್ಟಿಯಿದೆ. ಮಾಗಿದ ಸಿಹಿ ಸೇಬಿಗೆ ಒಂದೂವರೆ ಗಂಟೆ, ಹುರಿದ ಹಂದಿಮಾಂಸಕ್ಕೆ ಐದೂಕಾಲು ಗಂಟೆ. ಒಬ್ಬನೇ ಮನುಷ್ಯನ ಗಾಯಗೊಂಡ ಹೊಟ್ಟೆಯಿಂದ ಬಂದ ಅಂಕಿಗಳು ಇವು, ನಿಮಿಷ ಲೆಕ್ಕ ಹಿಡಿದು ನಂಬಬೇಕಾಗಿಲ್ಲ. ಆದರೆ ಎಲ್ಲ ಆಹಾರವೂ ಜಠರದಲ್ಲಿ ಒಂದೇ ಹೊತ್ತು ನಿಲ್ಲುವುದಿಲ್ಲ ಎಂಬುದು ಆ ಪಟ್ಟಿಯಿಂದ ಖಚಿತವಾಯಿತು. ಯಾವುದು ಎಷ್ಟು ಹೊತ್ತು ನಿಲ್ಲಬೇಕೆಂದು ತೀರ್ಮಾನಿಸುವವರು ಯಾರು ಎಂಬುದು ಮಾತ್ರ ಬೋಮಾಂಟನ ಕಿಂಡಿಗೆ ಕಾಣಲಿಲ್ಲ. ಅವರು ಇದ್ದದ್ದು ಆಚೆ ಬದಿಗೆ.

ಕೆರೆ, ತೂಬು, ನೀರಗಂಟಿ

ಊರಿನ ಕೆರೆಯೊಂದನ್ನು ನೆನೆಯಿರಿ. ಕೆರೆಗೊಂದು ಏರಿ, ಏರಿಯಲ್ಲೊಂದು ತೂಬು, ತೂಬು ಎತ್ತಿ ಇಳಿಸಲು ನೀರಗಂಟಿ. ಒಳ್ಳೆಯ ನೀರಗಂಟಿ ಕೆರೆಯ ಮಟ್ಟ ನೋಡುತ್ತ ಕೂರುವವನಲ್ಲ, ಕೆಳಗಿನ ಗದ್ದೆ ನೋಡುವವನು. ಗದ್ದೆ ಇನ್ನೂ ಒಣಗಿದ್ದರೆ ತೂಬು ಎತ್ತುತ್ತಾನೆ. ಗದ್ದೆಗೆ ಸಾಕಾಯಿತು ಎಂದು ಕೂಗು ಬಂದರೆ ಇಳಿಸುತ್ತಾನೆ.

ಜಠರವೇ ಕೆರೆ. ಅದರ ಕೊನೆಯಲ್ಲಿ ಪೈಲೋರಸ್ ಎಂಬ ಸ್ನಾಯುವಿನ ಬಳೆಯಿದೆ, ಅದು ತೂಬು. ಆಚೆಗೆ ಸಣ್ಣ ಕರುಳು, ಅದು ಗದ್ದೆ. ಕರುಳಿನ ಮೊದಲ ಭಾಗ, ಒಂದು ಗೇಣಿಗಿಂತ ತುಸು ಉದ್ದ, ಬಂದದ್ದನ್ನೆಲ್ಲ ರುಚಿ ನೋಡುತ್ತದೆ. ಕೊಬ್ಬು ಬಂದಿದೆಯೇ, ಪ್ರೋಟೀನು ಬಂದಿದೆಯೇ, ಸಕ್ಕರೆ ಎಷ್ಟು ಸಾಂದ್ರವಾಗಿದೆ? ಕೊಬ್ಬು ಅಥವಾ ಪ್ರೋಟೀನು ತಗುಲಿದ ಕೂಡಲೇ ಕರುಳಿನ ಗೋಡೆ ಕೊಲೆಸಿಸ್ಟೊಕೈನಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಇದು ತೂಬನ್ನು ಬಿಗಿಗೊಳಿಸುತ್ತದೆ, ಮಿದುಳಿಗೂ ‘ಸಾಕು’ ಎನ್ನುತ್ತದೆ. ಈ ಹಾರ್ಮೋನು ಗೊತ್ತಾದದ್ದು 1928ರಲ್ಲಿ, ಪಿತ್ತಕೋಶವನ್ನು ಹಿಂಡುವ ವಸ್ತುವಾಗಿ. ಅದು ಹಸಿವನ್ನೂ ಅಡಗಿಸುತ್ತದೆ ಎಂದು ಇಲಿಗಳಲ್ಲಿ ತೋರಿಸಿದ್ದು 1973ರಲ್ಲಿ. ಕರುಳಿನ ಇನ್ನೂ ಕೆಳಗಿನ ಭಾಗದಿಂದ ಜಿಎಲ್‌ಪಿ-1 ಎಂಬ ಇನ್ನೊಂದು ಹಾರ್ಮೋನು ಹೊರಡುತ್ತದೆ. ತೂಕ ಇಳಿಸಲು ಈಗ ಚುಚ್ಚಿಸಿಕೊಳ್ಳುತ್ತಿರುವ ಸೆಮಾಗ್ಲುಟೈಡ್ ಔಷಧ ನಟಿಸುವುದು ಇದೇ ಹಾರ್ಮೋನಿನಂತೆ. ಅದನ್ನು ತೆಗೆದುಕೊಂಡವರು ‘ತಿಂದದ್ದು ಇಳಿಯುವುದೇ ಇಲ್ಲ’ ಎನ್ನುವುದಕ್ಕೆ ತೂಬು ನಿಧಾನವಾಗಿರುವುದೂ ಒಂದು ಕಾರಣ.

ಈಗ ಈ ಅಧ್ಯಾಯದ ಮುಖ್ಯ ಅಂಕಿ. ಕರುಳು ಹೀಗೆ ಹಿಡಿದು ಬಿಡುವುದರಿಂದ ಜಠರ ಬರಿದಾಗುವ ವೇಗ ಲೀಟರಿನ ಲೆಕ್ಕಕ್ಕೆ ಸಿಗುವುದಿಲ್ಲ, ಕ್ಯಾಲೊರಿಯ ಲೆಕ್ಕಕ್ಕೆ ಸಿಗುತ್ತದೆ. ಹೆಚ್ಚುಕಡಿಮೆ ನಿಮಿಷಕ್ಕೆ ಎರಡರಿಂದ ಮೂರು ಕ್ಯಾಲೊರಿ. ಬರೀ ನೀರು ಕುಡಿದರೆ ಅದರಲ್ಲಿ ಕ್ಯಾಲೊರಿಯೇ ಇಲ್ಲ, ಗದ್ದೆಯಿಂದ ಕೂಗೂ ಇಲ್ಲ. ಅರ್ಧ ನೀರು ಹತ್ತಿಪ್ಪತ್ತು ನಿಮಿಷದಲ್ಲಿ ಜಾರಿಹೋಗಿರುತ್ತದೆ.

ಮುನ್ನೂರು ಗ್ರಾಂ ಕಲ್ಲಂಗಡಿಯಲ್ಲಿ ಸುಮಾರು 90 ಕ್ಯಾಲೊರಿ. ಭಾಗಿಸಿ ನೋಡಿ: ಅರ್ಧ ಗಂಟೆ, ಬಹಳವೆಂದರೆ ಮುಕ್ಕಾಲು. ಅಷ್ಟೇ ಪಪ್ಪಾಯಿಯಲ್ಲಿ 130 ಕ್ಯಾಲೊರಿ, ಒಂದು ಗಂಟೆಯ ಮಾತು. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ 320 ಕ್ಯಾಲೊರಿ, ಏಳು ಗ್ರಾಂ ಪ್ರೋಟೀನು, ಹನ್ನೊಂದು ಗ್ರಾಂ ನಾರು. ಬೇಳೆ ಹಾಕಿದ ಸಾರು ಸೇರಿದರೆ 400 ದಾಟುತ್ತದೆ. ಎರಡೂವರೆ, ಮೂರು ಗಂಟೆ. ಕರುಳಿನಲ್ಲಿ ಹೀರಿಕೆ ಇನ್ನೂ ನಡೆಯುತ್ತಿರುವುದರಿಂದ ಹಸಿವು ಅದರಾಚೆಗೂ ತಡೆಯುತ್ತದೆ. ಇವು ಒರಟು ಲೆಕ್ಕಗಳೇ, ಮನುಷ್ಯರಲ್ಲಿ ವ್ಯತ್ಯಾಸ ಬಹಳ. ಆದರೂ ಹತ್ತೂವರೆಯ ಪ್ರಶ್ನೆಗೆ ಇಷ್ಟು ಸಾಕು.

ಸಿಡ್ನಿಯ ಒಗಟೂ ಇಲ್ಲಿಯೇ ಬಿಡಿಸಿಕೊಳ್ಳುತ್ತದೆ. ಅಲ್ಲಿ ಎಲ್ಲರಿಗೂ ಸಮ ಕ್ಯಾಲೊರಿ ಬಡಿಸಿದ್ದರು. 240 ಕ್ಯಾಲೊರಿ ಸೇಬು ಎಂದರೆ ಅರ್ಧ ಕಿಲೋಗೆ ಹತ್ತಿರ, ಕಿತ್ತಳೆಯಾದರೆ ಅದಕ್ಕೂ ಜಾಸ್ತಿ. ಅಷ್ಟನ್ನು ಕೂತು ತಿಂದರೆ ಹೊಟ್ಟೆ ತುಂಬದೆ ಏನು? ಅಳೆದದ್ದೂ ಎರಡೇ ತಾಸು. ನಮ್ಮ ಮನೆಗಳಲ್ಲಿ ಯಾರೂ ಕ್ಯಾಲೊರಿ ತೂಗಿ ತಿನ್ನುವುದಿಲ್ಲ, ಹೊಟ್ಟೆ ಬಿಗಿಯುವವರೆಗೆ ತಿನ್ನುತ್ತೇವೆ. ಬಿಗಿಯುವಷ್ಟು ಕಲ್ಲಂಗಡಿಯಲ್ಲಿ ಕೆರೆ ತುಂಬುತ್ತದೆ, ಗದ್ದೆ ನೆನೆಯುವುದಿಲ್ಲ.

ಗ್ರೆಲಿನ್‌ಗೆ ಮೋಸ ಮಾಡಲಾಗದು

1999ರಲ್ಲಿ ಜಪಾನಿನ ಕೊಜಿಮಾ ಮತ್ತು ಕಂಗಾವಾ ಜಠರದ ಗೋಡೆಯಲ್ಲಿ ಒಂದು ಹಾರ್ಮೋನನ್ನು ಪತ್ತೆಹಚ್ಚಿ ಗ್ರೆಲಿನ್ ಎಂದು ಕರೆದರು. ಊಟಕ್ಕೆ ಮುಂಚೆ ರಕ್ತದಲ್ಲಿ ಇದು ಏರುತ್ತದೆ, ಉಂಡ ಮೇಲೆ ಇಳಿಯುತ್ತದೆ. ಹುಟ್ಟುವುದು ಜಠರದಲ್ಲಾದ್ದರಿಂದ ಜಠರ ತುಂಬಿದರೆ ಇಳಿಯಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. 2003ರಲ್ಲಿ ಅಮೆರಿಕದ ಸಂಶೋಧಕರು ಇಲಿಗಳ ಜಠರದ ಕೊನೆಗೆ ಬಿಗಿಯುವ ಪಟ್ಟಿ ಹಾಕಿ, ಒಳಗಿನದು ಕರುಳಿಗೆ ಹೋಗದಂತೆ ತಡೆದು, ಗ್ಲೂಕೋಸ್ ದ್ರಾವಣ ತುಂಬಿಸಿದರು. ಜಠರ ಹಿಗ್ಗಿತು, ಗ್ಲೂಕೋಸೂ ಇತ್ತು. ಗ್ರೆಲಿನ್ ಇಳಿಯಲಿಲ್ಲ. ಪಟ್ಟಿ ಸಡಿಲಿಸಿ ಕರುಳಿಗೆ ಹರಿಯಬಿಟ್ಟಾಗ ಇಳಿಯಿತು. ಅಪ್ಪಣೆ ಬರುವುದು ಗದ್ದೆಯಿಂದಲೇ.

ಗ್ರೆಲಿನ್‌ಗೆ ಅಭ್ಯಾಸಬಲವೂ ಇದೆ. ದಿನಾ ಉಣ್ಣುವ ಹೊತ್ತಿಗೆ ತಾನಾಗಿ ಏರುತ್ತದೆ. ಹತ್ತೂವರೆಗೆ ಕಾಫಿ-ವಡೆ ರೂಢಿಯಾದವರಿಗೆ ಏನೇ ತಿಂದಿದ್ದರೂ ಆ ಹೊತ್ತಿಗೆ ಹೊಟ್ಟೆ ಚುರುಗುಟ್ಟೀತು. ಹಣ್ಣಿನ ಮೇಲೆ ಪೂರ್ತಿ ತಪ್ಪು ಹೊರಿಸುವ ಮೊದಲು ಇದನ್ನೂ ಗಮನಿಸಬೇಕು.

ಅಗಿದ ಸೇಬು, ಕುಡಿದ ಸೇಬು

ಒಂದೇ ಹಣ್ಣು ತಿನ್ನುವ ರೀತಿಯಿಂದಲೂ ಬೇರೆಯಾಗುತ್ತದೆ. 1977ರಲ್ಲಿ ಬ್ರಿಸ್ಟಲ್‌ನ ಕೆನೆತ್ ಹೀಟನ್ ಮತ್ತು ಸಹೋದ್ಯೋಗಿಗಳು ಹತ್ತು ಮಂದಿಗೆ ಮೂರು ಬೇರೆ ದಿನ ಸೇಬು ಕೊಟ್ಟರು: ಒಮ್ಮೆ ಇಡಿಯಾಗಿ, ಒಮ್ಮೆ ಅರೆದು, ಒಮ್ಮೆ ರಸ ಹಿಂಡಿ. ಮೂರರಲ್ಲೂ ಪಿಷ್ಟ-ಸಕ್ಕರೆಯ ಅಂಶ ತಲಾ 60 ಗ್ರಾಂ. ಇಡೀ ಸೇಬು ತಿನ್ನಲು ಹಿಡಿದ ಸಮಯದ ಹನ್ನೊಂದರಲ್ಲಿ ಒಂದು ಪಾಲಿನಲ್ಲಿ ರಸ ಖಾಲಿಯಾಗಿತ್ತು. ರಕ್ತದ ಗ್ಲೂಕೋಸ್ ಮೂರರಲ್ಲೂ ಒಂದೇ ಎತ್ತರಕ್ಕೆ ಏರಿತು. ವ್ಯತ್ಯಾಸ ಕಂಡದ್ದು ಇಳಿಯುವಾಗ. ರಸ ಕುಡಿದವರಲ್ಲಿ ಇನ್ಸುಲಿನ್ ಜಾಸ್ತಿ ಸುರಿದು, ಗ್ಲೂಕೋಸ್ ಧೊಪ್ಪನೆ ಕುಸಿಯಿತು. ಅರೆದ ಸೇಬಿನಲ್ಲಿ ಸ್ವಲ್ಪ ಕುಸಿತ, ಅಗಿದು ತಿಂದದ್ದರಲ್ಲಿ ಕುಸಿತವೇ ಇಲ್ಲ. ಹೊಟ್ಟೆ ತುಂಬಿದ ಭಾವವೂ ಇದೇ ಸಾಲಿನಲ್ಲಿ: ಇಡೀ ಸೇಬು ಮೊದಲು, ರಸ ಕೊನೆಗೆ.

ಹಣ್ಣಿನ ಸಕ್ಕರೆ ಇರುವುದು ಜೀವಕೋಶಗಳ ಒಳಗೆ. ನಾರೇ ಆ ಕೋಶಗಳ ಗೋಡೆ. ಹಲ್ಲು ಎಷ್ಟೇ ಅಗಿದರೂ ಚೂರುಗಳು ಉಳಿಯುತ್ತವೆ. ಒಂದೆರಡು ಮಿಲಿಮೀಟರಿಗಿಂತ ದೊಡ್ಡದಾದ ಚೂರನ್ನು ತೂಬು ಆಚೆ ಬಿಡುವುದಿಲ್ಲ, ಜಠರ ಅದನ್ನು ಹಿಂದಕ್ಕೆ ತಳ್ಳಿ ಮತ್ತೆ ಮತ್ತೆ ಅರೆಯಬೇಕು. ಮಿಕ್ಸಿ ಈ ಕೆಲಸವನ್ನು ಅರ್ಧ ನಿಮಿಷದಲ್ಲಿ ಮುಗಿಸಿಕೊಡುತ್ತದೆ, ಕೆರೆಯಲ್ಲಿ ನಿಲ್ಲಬೇಕಾದ್ದು ನೆಟ್ಟಗೆ ಹರಿದುಹೋಗುತ್ತದೆ. ಅದಕ್ಕೇ ಸೀಬೆ ಕಲ್ಲಂಗಡಿಗಿಂತ ಹೆಚ್ಚು ತಾಳುತ್ತದೆ. ಸೀಬೆಯಲ್ಲಿ ನೂರು ಗ್ರಾಂಗೆ ಐದು ಗ್ರಾಂ ಮೀರಿ ನಾರು, ಕಲ್ಲಂಗಡಿಯಲ್ಲಿ ಒಂದು ಗ್ರಾಂ ಕೂಡ ಇಲ್ಲ. ಬೆಳಗ್ಗೆ ಜ್ಯೂಸ್ ಕುಡಿದು ‘ಹಣ್ಣು ತಿಂದೆ’ ಎನ್ನುವವರ ಹಸಿವಿಗೆ ಹಣ್ಣನ್ನು ದೂರುವುದು ನ್ಯಾಯವಲ್ಲ.

ಗ್ಲೂಕೋಸಿನ ಆ ಕುಸಿತ ಎಲ್ಲರಲ್ಲೂ ಒಂದೇ ಸಮ ಇರುವುದಿಲ್ಲ. ಬ್ರಿಟನ್ ಮತ್ತು ಅಮೆರಿಕದ ಸುಮಾರು ಸಾವಿರ ಮಂದಿಯ ಮೈಗೆ ಗ್ಲೂಕೋಸ್ ಅಳೆಯುವ ಸಾಧನ ಅಂಟಿಸಿ ನಡೆಸಿದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ತಿಂಡಿಯಾಗಿ ಎರಡು-ಮೂರು ಗಂಟೆಗೆ ಯಾರ ಗ್ಲೂಕೋಸ್ ಹೆಚ್ಚು ಕುಸಿಯುತ್ತದೋ ಅವರಿಗೆ ಹಸಿವು ಬೇಗ ಬರುತ್ತದೆ, ಮುಂದಿನ ಊಟವೂ ಜಾಸ್ತಿಯಾಗುತ್ತದೆ ಎಂದು ಅದರಲ್ಲಿ ಕಂಡಿತು. ಅದೇ ತಿಂಡಿ ತಿಂದ ಇನ್ನೊಬ್ಬರಿಗೆ ಏನೂ ಆಗಿರುವುದಿಲ್ಲ. ಹಣ್ಣು ತಿಂದೇ ಮಧ್ಯಾಹ್ನದವರೆಗೆ ಹಾಯಾಗಿರುವ ಗೆಳೆಯರನ್ನು ಸುಳ್ಳುಗಾರರು ಎನ್ನಬೇಡಿ.

ಹಣ್ಣನ್ನೇ ನಂಬಿ ಬದುಕುವ ಕಸುಬಿನ ಪ್ರಾಣಿ ನಮ್ಮ ತೋಟದ ಬಾವಲಿ. ಅದು ಹಣ್ಣು ಜಗಿದು ರಸ ನುಂಗಿ ನಾರನ್ನು ಉಂಡೆ ಕಟ್ಟಿ ಉಗುಳುತ್ತದೆ. ನುಂಗಿದ್ದು ಅರ್ಧ ಗಂಟೆಯಲ್ಲಿ ಹೊರಗೆ ಬಂದಿರುತ್ತದೆ, ಮತ್ತೆ ತಿನ್ನುತ್ತದೆ. ಇಡೀ ರಾತ್ರಿ ಇದೇ ಕೆಲಸ. ಆಫೀಸಿಗೆ ಹೋಗಬೇಕಾದವರಿಗೆ ಈ ಪದ್ಧತಿ ಒಗ್ಗದು.

ಕೊಳೆಯುತ್ತದೆ ಎಂಬ ಹೆದರಿಕೆ

ಮಧ್ಯಾಹ್ನದವರೆಗೆ ಬರೀ ಹಣ್ಣು ಎಂಬ ನಿಯಮವನ್ನು ಮನೆಮಾತಾಗಿಸಿದ್ದು 1985ರಲ್ಲಿ ಅಮೆರಿಕದಲ್ಲಿ ಬಂದ ‘ಫಿಟ್ ಫಾರ್ ಲೈಫ್’ ಪುಸ್ತಕ. ಬರೆದವರು ಹಾರ್ವಿ ಮತ್ತು ಮೆರಿಲಿನ್ ಡೈಮಂಡ್. ಹಣ್ಣನ್ನು ಬೇರೆ ಆಹಾರದ ಜೊತೆ ತಿಂದರೆ ಅದು ಹೊಟ್ಟೆಯಲ್ಲಿ ತಡೆದು ನಿಂತು ಕೊಳೆಯುತ್ತದೆ ಎಂಬುದು ಅವರ ವಾದ. ಇವತ್ತಿಗೂ ವಾಟ್ಸ್‌ಆ್ಯಪ್‌ನಲ್ಲಿ ಹೊಸ ವೇಷದಲ್ಲಿ ಬರುತ್ತಿರುತ್ತದೆ. ಜಠರದ ಆಮ್ಲದಲ್ಲಿ ಕೊಳೆಸುವ ಸೂಕ್ಷ್ಮಜೀವಿಗಳು ಬದುಕುವುದೇ ಕಷ್ಟ, ಅಲ್ಲಿ ಹಣ್ಣು ಕೊಳೆಯುವುದಿಲ್ಲ. ತಡೆದು ನಿಲ್ಲುತ್ತದೆ ಎಂಬ ಅರ್ಧ ಮಾತ್ರ ನಿಜ. ತಮಾಷೆಯೆಂದರೆ ನಮಗೆ ಬೇಕಾದದ್ದೂ ಅದೇ ಅರ್ಧ.

ಗಾಂಧೀಜಿಯ ಫಲಾಹಾರವನ್ನು ಇಲ್ಲಿ ನೋಡಬೇಕು. ದಕ್ಷಿಣ ಆಫ್ರಿಕದ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಅವರೂ ಗೆಳೆಯ ಕಾಲೆನ್‌ಬಾಕ್ ಅವರೂ ಹಣ್ಣಿನ ಮೇಲೆಯೇ ಇದ್ದರು ಎಂದು ಆತ್ಮಕಥೆಯಲ್ಲಿದೆ. ತಿನ್ನುತ್ತಿದ್ದದ್ದು ಏನು? ಬಾಳೆಹಣ್ಣು, ಖರ್ಜೂರ, ನಿಂಬೆ, ಹಸಿ ಕಡಲೆಕಾಯಿ ಬೀಜ, ಆಲಿವ್ ಎಣ್ಣೆ. ಕಡಲೆಕಾಯಿ ಬೀಜ ಐವತ್ತು ಗ್ರಾಂ ಆದರೂ ಸಾಕು, 280 ಕ್ಯಾಲೊರಿ, ಹದಿಮೂರು ಗ್ರಾಂ ಪ್ರೋಟೀನು, ಇಪ್ಪತ್ನಾಲ್ಕು ಗ್ರಾಂ ಕೊಬ್ಬು. ಎಣ್ಣೆ ಬೇರೆ. ಫಲಾಹಾರ ಎಂದು ಹೆಸರು, ತೂಬು ಮುಚ್ಚಲು ಬೇಕಾದದ್ದೆಲ್ಲ ಅದರಲ್ಲಿತ್ತು.

ನಮ್ಮ ಅಡುಗೆಮನೆಯೂ ಇದನ್ನು ಮಾಡಿಕೊಂಡೇ ಬಂದಿದೆ. ಬಾಳೆಹಣ್ಣಿನ ರಸಾಯನಕ್ಕೆ ತೆಂಗಿನಹಾಲು ಹಿಂಡುತ್ತೇವೆ, ಕೋಸಂಬರಿಯ ನೀರುನೀರಾದ ಸೌತೆಗೆ ನೆನೆಸಿದ ಹೆಸರುಬೇಳೆ ಬೆರೆಸಿ ಕಾಯಿತುರಿ ಉದುರಿಸುತ್ತೇವೆ. ಕೊಡಗಿನ ಕಡೆ ಬೆಳೆಯುವ ಬೆಣ್ಣೆಹಣ್ಣಿಗೆ ಹೊರಗಿನ ನೆರವೂ ಬೇಡ. ನೂರು ಗ್ರಾಂಗೆ 160 ಕ್ಯಾಲೊರಿ, ಅದರಲ್ಲಿ ಹದಿನೈದು ಗ್ರಾಂನಷ್ಟು ಕೊಬ್ಬು. ಹಣ್ಣುಗಳ ಜಾತಿಯಲ್ಲಿ ಅದೊಂದು ಬೇರೆಯೇ ಪಂಗಡ.

ಹಾಗಾಗಿ ಹಣ್ಣಿನ ತಿಂಡಿಯನ್ನು ಬಿಡಬೇಕಾಗಿಲ್ಲ, ಬಟ್ಟಲನ್ನು ತುಸು ಬದಲಿಸಿದರಾಯಿತು. ಇನ್ನೂರು ಗ್ರಾಂ ಸೀಬೆ, ಹೆಚ್ಚಿದ್ದು, ಅರೆಯದ್ದು. ಒಂದು ಹಿಡಿ, ಅಂದರೆ ನಲವತ್ತು ಗ್ರಾಂ ಹುರಿದ ಕಡಲೆಕಾಯಿ ಬೀಜ. ಒಂದು ಸಣ್ಣ ಬಟ್ಟಲು ಗಟ್ಟಿ ಮೊಸರು. ಒಟ್ಟು 400 ಕ್ಯಾಲೊರಿಯ ಆಸುಪಾಸು, ಮುದ್ದೆ-ಸಾರಿನಷ್ಟೇ. ಕಡಲೆಕಾಯಿ ಬೀಜದ ಕೊಬ್ಬು ಕರುಳಿಗೆ ತಗುಲುತ್ತಿದ್ದಂತೆ ತೂಬು ಇಳಿಯುತ್ತದೆ, ಸೀಬೆಯ ಚೂರುಗಳು ತಮ್ಮ ಸರದಿಗೆ ಕಾಯುತ್ತವೆ.

ಮಧುಮೇಹಕ್ಕೆ ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಇಡ್ಲಿ ಬಿಟ್ಟು ಬಟ್ಟಲು ಹಿಡಿಯುವ ಮೊದಲು ವೈದ್ಯರನ್ನು ಕೇಳಲೇಬೇಕು. ಅವರ ಔಷಧದ ಪ್ರಮಾಣ ನಿಗದಿಯಾಗಿರುವುದು ಇಡ್ಲಿಯ ಲೆಕ್ಕದಲ್ಲಿ. ತಿಂಡಿ 90 ಕ್ಯಾಲೊರಿಯ ಕಲ್ಲಂಗಡಿಗೆ ಇಳಿದು ಮಾತ್ರೆ ಹಾಗೆಯೇ ಉಳಿದರೆ, ಹತ್ತೂವರೆಗೆ ಬರುವುದು ಬರೀ ಹಸಿವಾಗಿರಲಿಕ್ಕಿಲ್ಲ. ಕೈನಡುಕ, ಬೆವರು, ಕಣ್ಣು ಮಂಜಾಗುವುದು ರಕ್ತದ ಸಕ್ಕರೆ ತೀರಾ ಕೆಳಗಿಳಿದಿರುವ ಲಕ್ಷಣ.